ನಾಲ್ಕು ವರ್ಷ ದುಡಿದವನು ಮಾಜಿ ಸೈನಿಕನೇ?

ಪ್ರಶ್ನೆ: ನನ್ನ ತಮ್ಮ ಅಗ್ನಿವೀರರ ಮೊದಲ ತಂಡದಲ್ಲಿ ಸೇನೆಗೆ ಸೇರಿದವನು. ನಾಲ್ಕು ವರ್ಷ ಮುಗಿಯುತ್ತ ಬಂತು. ಮುಂದುವರಿಯೋಕೆ ಅವಕಾಶ ಸಿಗದೆ ಊರಿಗೆ ಬಂದರೆ ಸರ್ಕಾರದ ಲೆಕ್ಕದಲ್ಲಿ ಅವನು ಮಾಜಿ ಸೈನಿಕ ಆಗ್ತಾನಾ? ನಮ್ಮೂರಲ್ಲಿ ಬಿಎಸ್‌ಎಫ್‌ನಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ, ‘ನನಗೇ ಆ ಕಾರ್ಡು ಕೊಟ್ಟಿಲ್ಲ, ಅವನಿಗೆಲ್ಲಿ ಕೊಡ್ತಾರೆ’ ಅಂತಾರೆ. ಇದನ್ನೆಲ್ಲ ತೀರ್ಮಾನಿಸೋರು ಯಾರು? ಬೇರೆ ದೇಶಗಳಲ್ಲೂ ಹೀಗೇನಾ?
— ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಈಗಿರುವ ನಿಯಮದ ಪ್ರಕಾರ ಆಗುವುದಿಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆಯಡಿ ಭೂಸೇನೆ ಹೊರಡಿಸಿದ ಅಧಿಸೂಚನೆಯಲ್ಲೇ ಇದು ಸ್ಪಷ್ಟವಾಗಿತ್ತು. ನಾಲ್ಕು ವರ್ಷ ಮುಗಿಸಿ ಹೊರಬರುವವರಿಗೆ ಪಿಂಚಣಿ ಇಲ್ಲ, ಗ್ರ್ಯಾಚುಟಿ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇಲ್ಲ, ಮಿಲಿಟರಿ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ನಿಮ್ಮ ತಮ್ಮ ಇದಕ್ಕೆ ಒಪ್ಪಿ ಸಹಿ ಹಾಕಿಯೇ ಸೇರಿರುತ್ತಾನೆ. ಆದರೆ ಒಬ್ಬ ಹುಡುಗ ಒಪ್ಪಿ ಸಹಿ ಹಾಕಿದ್ದಾನೆ ಅಂದ ಮಾತ್ರಕ್ಕೆ ದೇಶದ ಹೊಣೆ ಅಲ್ಲಿಗೆ ಮುಗಿಯಿತು ಎಂದು ನಾನು ಒಪ್ಪಲಾರೆ. ಹಾಗಾಗಿ ನಿಯಮ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮಾಜಿ ಸೈನಿಕ ಯಾರು ಎಂದು ತೀರ್ಮಾನಿಸುವುದು ಕೇಂದ್ರ ಸರ್ಕಾರ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ ಆ ತೀರ್ಮಾನದಂತೆ ಗುರುತಿನ ಚೀಟಿ ಕೊಡುತ್ತದೆ, ಅಷ್ಟೇ. ಇದಕ್ಕೆ ಆಧಾರವಾಗಿರುವುದು ಮಾಜಿ ಸೈನಿಕರನ್ನು ನಾಗರಿಕ ಹುದ್ದೆಗಳಿಗೆ ಮರುನೇಮಕ ಮಾಡಿಕೊಳ್ಳುವ ಕುರಿತ 1979ರ ನಿಯಮಗಳು. ಅವಕ್ಕೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಭೂಸೇನೆ, ನೌಕಾಸೇನೆ, ವಾಯುಸೇನೆಗಳಲ್ಲಿ ಯಾವುದೇ ಶ್ರೇಣಿಯಲ್ಲಿ ದುಡಿದು ಪಿಂಚಣಿ ಗಳಿಸಿ ಬಂದವರು ಮಾಜಿ ಸೈನಿಕರು. ಜವಾನನಿಗೆ ಪಿಂಚಣಿ ಹುಟ್ಟಬೇಕಾದರೆ ಸಾಮಾನ್ಯವಾಗಿ 15 ವರ್ಷ, ಅಧಿಕಾರಿಗೆ 20 ವರ್ಷ ಸೇವೆ ಆಗಬೇಕು. ಸೇವೆಯ ಕಾರಣದಿಂದಲೇ ಗಾಯವೋ ಕಾಯಿಲೆಯೋ ಆಗಿ ಅಂಗವೈಕಲ್ಯ ಪಿಂಚಣಿಯೊಂದಿಗೆ ‘ಬೋರ್ಡ್ ಔಟ್’ ಆದವರೂ ಮಾಜಿ ಸೈನಿಕರೇ. ಸೇನೆ ತನ್ನ ಸಂಖ್ಯೆ ಕಡಿಮೆ ಮಾಡಿಕೊಂಡಾಗ ಹೊರಬಂದವರೂ ಈ ಪಟ್ಟಿಯಲ್ಲಿದ್ದಾರೆ. ಇದರ ಜೊತೆಗೆ ಇನ್ನೊಂದು ವರ್ಗವಿದೆ: ನಿಗದಿಪಡಿಸಿದ ಅವಧಿ ಪೂರೈಸಿ, ತಾನಾಗಿ ಕೇಳಿಕೊಳ್ಳದೆ, ದುರ್ನಡತೆಯ ಕಾರಣಕ್ಕೂ ಅಲ್ಲದೆ ಬಿಡುಗಡೆಯಾಗಿ, ಗ್ರ್ಯಾಚುಟಿ ಪಡೆದವರು.

ಈ ಕೊನೆಯ ವರ್ಗವನ್ನು ಇನ್ನೊಮ್ಮೆ ಓದಿ. ಐದೋ ಹತ್ತೋ ವರ್ಷಕ್ಕೆ ಸೇರಿ, ಅವಧಿ ಮುಗಿಸಿ ಪಿಂಚಣಿ ಇಲ್ಲದೆ ಮನೆಗೆ ಬಂದ ಶಾರ್ಟ್ ಸರ್ವಿಸ್ ಅಧಿಕಾರಿಗಳು ಮಾಜಿ ಸೈನಿಕರಾಗುವುದು ಈ ದಾರಿಯಿಂದಲೇ. ನಿಮ್ಮ ತಮ್ಮನೂ ನಿಗದಿತ ಅವಧಿ ಪೂರೈಸುತ್ತಾನೆ. ಅವನಾಗಿ ಬಿಟ್ಟು ಬರುವುದಿಲ್ಲ, ಸೇನೆಯೇ ಕಳಿಸುತ್ತದೆ. ದುರ್ನಡತೆಯ ಪ್ರಶ್ನೆ ಇಲ್ಲದಿದ್ದರೆ ನಾಲ್ಕರಲ್ಲಿ ಮೂರು ಷರತ್ತು ಅಲ್ಲಿಗೆ ಸರಿಹೋಯಿತು. ಅವನಿಗೆ ಕೊಡುವ ಹಣಕ್ಕೆ ಗ್ರ್ಯಾಚುಟಿ ಎಂದು ಕರೆಯದೆ ಸೇವಾನಿಧಿ ಎಂದು ಕರೆದಿದ್ದರಿಂದ ಕೊನೆಯದು ತಪ್ಪಿಹೋಗುತ್ತದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿಯಿಂದ ಶುರುವಾಗಿ ನಾಲ್ಕನೇ ವರ್ಷ 40,000ಕ್ಕೆ ಮುಟ್ಟುವ ಸಂಬಳದಲ್ಲಿ ಶೇ 30ರಷ್ಟು ಹಿಡಿದು, ಸರ್ಕಾರ ಅಷ್ಟೇ ಮೊತ್ತ ಸೇರಿಸಿ, ಬಡ್ಡಿ ಸಮೇತ ಸುಮಾರು 11.71 ಲಕ್ಷ ರೂಪಾಯಿಯನ್ನು ತೆರಿಗೆ ಇಲ್ಲದೆ ಕೈಗೆ ಕೊಡುತ್ತದೆ. ಹಳ್ಳಿಯ ಹುಡುಗನಿಗೆ ಇಪ್ಪತ್ತೈದರ ಆಸುಪಾಸಿನಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಅದರಲ್ಲಿ ಅರ್ಧ ಅವನದೇ ಸಂಬಳ ಎಂಬುದನ್ನು ಮರೆಯಬಾರದು.

ಹಳೆಯ ನಿಯಮಗಳನ್ನು ನೋಡಿದರೆ ನಿಮಗೆ ಇನ್ನಷ್ಟು ಅಚ್ಚರಿಯಾಗುತ್ತದೆ. ನಮ್ಮಲ್ಲಿ ಮಾಜಿ ಸೈನಿಕ ಯಾರು ಎಂಬುದಕ್ಕೆ ಬಿಡುಗಡೆಯಾದ ದಿನಾಂಕದ ಮೇಲೆ ಬೇರೆ ಬೇರೆ ಅಳತೆಗಳಿವೆ. 1979ರ ಜುಲೈ 1ರಿಂದ 1987ರ ಜೂನ್ 30ರ ನಡುವೆ ಹೊರಬಂದ ಜವಾನನಿಗೆ, ತಾನಾಗಿ ಕೇಳಿಕೊಂಡು ಬಂದಿರದಿದ್ದರೆ, ಪ್ರಮಾಣವಚನದ ಕಸಂ ಪರೇಡ್ ಆದ ಮೇಲೆ ಆರು ತಿಂಗಳ ಸೇವೆ ಇದ್ದರೂ ಸಾಕಿತ್ತು. ಕೇಳಿಕೊಂಡು ಬಂದಿದ್ದರೆ ಐದು ವರ್ಷ ಬೇಕಿತ್ತು. ಪಿಂಚಣಿಗೂ ಸ್ಥಾನಮಾನಕ್ಕೂ ಈಗಿನಂತೆ ಗಂಟು ಬಿದ್ದಿದ್ದು 1987ರ ಜುಲೈ ಬಳಿಕ. ಅಂದರೆ ನಿಮ್ಮ ತಮ್ಮ ಇದೇ ನಾಲ್ಕು ವರ್ಷವನ್ನು 1980ರ ದಶಕದ ಆರಂಭದಲ್ಲಿ ಮುಗಿಸಿ ಬಂದಿದ್ದರೆ ಅವನ ಕಿಸೆಯಲ್ಲಿ ಮಾಜಿ ಸೈನಿಕನ ಗುರುತಿನ ಚೀಟಿ ಇರುತ್ತಿತ್ತು. ಹಿಂದೆ ಈ ದೇಶ ಇದನ್ನು ಕೊಟ್ಟಿದೆ. ಹಾಗಿರುವಾಗ ಈಗ ಕೊಡಲು ಬರುವುದಿಲ್ಲ ಎಂದು ಹೇಳುವವರು ಕಾರಣವನ್ನೂ ಹೇಳಬೇಕು.

ಕಾರಣ ಹಣದ್ದು. ಮಾಜಿ ಸೈನಿಕ ಎಂದು ಒಪ್ಪಿದ ಕೂಡಲೇ ಆಸ್ಪತ್ರೆ, ಕ್ಯಾಂಟೀನ್, ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಶೇ 10ರ ಮೀಸಲು, ವಯೋಮಿತಿಯ ರಿಯಾಯಿತಿ ಎಲ್ಲವೂ ಒಟ್ಟಿಗೆ ಬೆನ್ನು ಹತ್ತಿ ಬರುತ್ತವೆ. ಅಗ್ನಿಪಥದ ಮೊದಲ ವರ್ಷದಲ್ಲೇ 46,000 ಮಂದಿಯ ನೇಮಕಾತಿ ಘೋಷಣೆಯಾಗಿತ್ತು, ಅವರಲ್ಲಿ ಮುಂದುವರಿಯುವವರು ನಾಲ್ಕರಲ್ಲೊಬ್ಬರು ಮಾತ್ರ. ಉಳಿದ ಅಷ್ಟೂ ಜನರ ಆರೋಗ್ಯದ ಖರ್ಚನ್ನು ಜೀವನಪೂರ್ತಿ ಹೊರುವುದು ಸರ್ಕಾರಕ್ಕೆ ಭಾರ ಎಂಬುದು ನಿಜ. ಹಾಗಿದ್ದರೆ ಸೌಲಭ್ಯವನ್ನೂ ಮಾನ್ಯತೆಯನ್ನೂ ಬೇರೆ ಮಾಡಿ ಎನ್ನುತ್ತೇನೆ ನಾನು. ಯಾರಿಗೆ ಯಾವ ಸೌಲಭ್ಯ, ಎಷ್ಟು ಕಾಲ ಎಂಬುದು ಬಜೆಟ್ಟಿನ ಮಾತು. ಈತ ಈ ದೇಶದ ಸೈನಿಕನಾಗಿದ್ದ ಎಂದು ಬರೆದು ಮೊಹರು ಒತ್ತುವುದಕ್ಕೆ ಬಜೆಟ್ ಬೇಡ.

ಹೀಗೆ ಬೇರೆ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ಇಸಿಎಚ್‌ಎಸ್ ಶುರುವಾಗಿದ್ದು 2003ರಲ್ಲಿ, ಪಿಂಚಣಿ ಇದ್ದವರಿಗೆಂದು. 1962ರ ಚೀನಾ ಯುದ್ಧದ ಬಳಿಕ ತುರ್ತಾಗಿ ಸೇರಿಸಿಕೊಂಡ ಅಧಿಕಾರಿಗಳು, ಶಾರ್ಟ್ ಸರ್ವಿಸ್ ಅಧಿಕಾರಿಗಳು ಮಾಜಿ ಸೈನಿಕರೆಂದು ಮಾನ್ಯರಾಗಿದ್ದರೂ ಅದರಿಂದ ಹೊರಗೇ ಇದ್ದರು. 2019ರಲ್ಲಿ ಅವರಿಗೂ ಎರಡನೇ ಮಹಾಯುದ್ಧದಲ್ಲಿ ದುಡಿದವರಿಗೂ ಬಾಗಿಲು ತೆರೆಯಿತು. ಮಾನ್ಯತೆ ಮೊದಲು ಬಂತು, ಆಸ್ಪತ್ರೆ ಎಷ್ಟೋ ವರ್ಷ ತಡವಾಗಿ ಬಂತು. ಅಗ್ನಿವೀರರ ವಿಷಯದಲ್ಲೂ ಅದೇ ಕ್ರಮ ಹಿಡಿಯಬಹುದು.

ಇನ್ನು ನಿಮ್ಮೂರಿನ ಕಾಕಾ ಅವರ ಮಾತು. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ ಇವೆಲ್ಲ ಗೃಹ ಸಚಿವಾಲಯದ ಅಡಿಯ ಪಡೆಗಳು. ಮಾಜಿ ಸೈನಿಕರ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಮೂವತ್ತು ವರ್ಷ ಗಡಿಯಲ್ಲಿ ಗಸ್ತು ತಿರುಗಿ ಬಂದವರನ್ನು ಊರವರು ಮಿಲಿಟರಿಯವರು ಅಂತಲೇ ಕರೆಯುತ್ತಾರೆ, ಕಚೇರಿಗೆ ಹೋದರೆ ‘ನೀವು ಇಲ್ಲಿಗೆ ಬರೋದಿಲ್ಲ’ ಎಂಬ ಉತ್ತರ. 2012ರಲ್ಲಿ ಗೃಹ ಸಚಿವಾಲಯ ಇವರಿಗೆ ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ ಎಂಬ ಪ್ರತ್ಯೇಕ ಹೆಸರು ಕೊಟ್ಟಿತು. ಮಾಜಿ ಸೈನಿಕರಿಗೆ ಕೊಡುವಂಥ ಸೌಲಭ್ಯಗಳನ್ನು ರಾಜ್ಯಗಳು ಇವರಿಗೂ ಕೊಡಬಹುದೆಂಬ ಆಶಯ ಅದರ ಹಿಂದಿತ್ತು. ಕಾಕಾ ಅವರ ಬೇಸರಕ್ಕೆ ಅರ್ಥವಿದೆ.

ಬೇರೆ ದೇಶಗಳ ಬಗ್ಗೆ ಕೇಳಿದ್ದೀರಿ. ಬ್ರಿಟನ್ನಿನಲ್ಲಿ ಸೇನೆಯಲ್ಲಿ ಒಂದು ದಿನದ ಸಂಬಳ ಪಡೆದವನೂ ವೆಟರನ್. ನನಗೆ ಹೆಚ್ಚು ಹತ್ತಿರದ್ದೆನಿಸುವುದು ಜರ್ಮನಿಯ ಕಥೆ. ಎರಡನೇ ಮಹಾಯುದ್ಧದ ನೆನಪು ಹೊತ್ತ ಆ ದೇಶದಲ್ಲಿ ಸೈನಿಕರನ್ನು ಸಾರ್ವಜನಿಕವಾಗಿ ಹೊಗಳುವುದಕ್ಕೇ ಜನ ಹಿಂಜರಿಯುತ್ತಿದ್ದರು. ಅಷ್ಟರಲ್ಲಿ ಅಫ್ಗಾನಿಸ್ತಾನ ಬಂತು. ಸುಮಾರು ಇಪ್ಪತ್ತು ವರ್ಷ ಅಲ್ಲಿ ಸೇನೆ ಇಟ್ಟುಕೊಂಡಿದ್ದ ಜರ್ಮನಿ 59 ಸೈನಿಕರನ್ನು ಕಳೆದುಕೊಂಡಿತು. 2021ರ ಜೂನ್ ಕೊನೆಗೆ ಉಳಿದವರು ವಿಮಾನದಲ್ಲಿ ವುನ್‌ಸ್ಟಾರ್ಫ್‌ಗೆ ಬಂದಿಳಿದಾಗ ರಾಜಕಾರಣಿಗಳು ಯಾರೂ ಸ್ವಾಗತಕ್ಕೆ ಬಂದಿರಲಿಲ್ಲ ಎಂದು ದೇಶದಲ್ಲಿ ದೊಡ್ಡ ಆಕ್ಷೇಪ ಎದ್ದಿತು. ಅದೇ ಅಕ್ಟೋಬರ್‌ನಲ್ಲಿ ಸಂಸತ್ ಭವನದ ಮುಂದೆ ಪಂಜುಗಳ ಬೆಳಕಿನಲ್ಲಿ ಅವರಿಗಾಗಿ ಸೇನೆಯ ಅತಿ ದೊಡ್ಡ ಗೌರವ ಸಮಾರಂಭ ನಡೆಯಿತು.

ವೆಟರನ್ ಯಾರು ಎಂಬುದನ್ನು ಅವರು 2018ರಲ್ಲೇ ತೀರ್ಮಾನಿಸಿಕೊಂಡಿದ್ದರು. ಯುದ್ಧಕ್ಕೆ ಹೋದವರು ಮಾತ್ರವೇ, ಅಥವಾ ಕಡ್ಡಾಯ ಸೇವೆಗೆ ಬಂದು ಒಂದು ವರ್ಷ ಬ್ಯಾರಕ್ಕಿನಲ್ಲಿ ಕಳೆದು ಹೋದವರೂ ಸೇರುತ್ತಾರೆಯೇ ಎಂಬ ಜಗಳ ಹಲವು ವರ್ಷ ನಡೆದಿತ್ತು. ಕೊನೆಗೆ, ಈಗ ಸೇವೆಯಲ್ಲಿರುವವರೂ ಗೌರವದಿಂದ ಸೇವೆ ಮುಗಿಸಿದವರೂ ಎಲ್ಲರೂ ವೆಟರನ್‌ಗಳು ಎಂದಾಯಿತು. ಹೀಗೆ ಲೆಕ್ಕ ಹಾಕಿದರೆ ಸುಮಾರು ಒಂದು ಕೋಟಿ ಜನ. ಅಷ್ಟೂ ಜನರಿಗೆ ಪಿಂಚಣಿ ಕೊಡುವುದು ಯಾವ ಸರ್ಕಾರಕ್ಕೂ ಆಗದ ಮಾತು, ಅವರು ಕೊಡಲೂ ಇಲ್ಲ. ಒಂದು ಪುಟ್ಟ ಬ್ಯಾಡ್ಜ್ ಕೊಟ್ಟರು. ಅಂಗಿಯ ಮೇಲೆ ಚುಚ್ಚಿಕೊಳ್ಳುವಂಥದ್ದು. ಅದನ್ನು ಮೊದಲ ಬಾರಿ ಕೊಟ್ಟ ಜೂನ್ 15ನ್ನೇ 2024ರಲ್ಲಿ ಸಂಸತ್ತು ವೆಟರನ್ ದಿನವೆಂದು ಗೊತ್ತು ಮಾಡಿತು, 2025ರಲ್ಲಿ ಮೊದಲ ಆಚರಣೆಯೂ ಆಯಿತು. ಸೇವೆ ಗಾಯ ಮಾಡಿದವರಿಗೆ ಬೇರೆ ಪರಿಹಾರ, ಬೇರೆ ಕಾನೂನು ಇದೆ. ಗೌರವ ಮಾತ್ರ ಎಲ್ಲರಿಗೂ ಒಂದೇ.

ಇಂಥ ದಿನ ನಮ್ಮಲ್ಲೂ ಇದೆ. ಜನವರಿ 14. ಭಾರತೀಯ ಸೇನೆಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇವೆಯಿಂದ ನಿವೃತ್ತರಾದ ದಿನ ಅದು. 2016ರಿಂದ ಸಶಸ್ತ್ರ ಪಡೆಗಳ ವೆಟರನ್ಸ್ ದಿನವಾಗಿ ಆಚರಿಸುತ್ತಾರೆ. ಸೇನಾದಿನವಾದ ಜನವರಿ 15 ಎಲ್ಲರಿಗೂ ಗೊತ್ತು, ಹಿಂದಿನ ದಿನ ಗೊತ್ತಿರುವವರು ನಮ್ಮ ರಾಜ್ಯದಲ್ಲೇ ಕಡಿಮೆ. ಮಡಿಕೇರಿಯ ತಮ್ಮ ‘ರೋಶನಾರಾ’ ಮನೆಗೆ ಮರಳಿದ ಮೇಲೂ ಕಾರ್ಯಪ್ಪನವರು ಮಾಜಿ ಸೈನಿಕರ ಕೆಲಸ ಬಿಡಲಿಲ್ಲ. ಮಾಜಿ ಸೈನಿಕರ ಸಂಘಟನೆಯಾದ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ 1964ರಲ್ಲಿ ಹುಟ್ಟಿದ್ದು ಅವರ ಮುಂದಾಳುತನದಲ್ಲೇ.

ಆದರೆ ಕಾಗದದ ಮೇಲಿನ ಸ್ಥಾನಮಾನ ಇದ್ದೂ ಗೌರವಕ್ಕಾಗಿ ಕಾದವರು ನಮ್ಮಲ್ಲಿದ್ದಾರೆ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯವರು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದ ಸೈನಿಕರೂ ಜಾಫ್ನಾದಲ್ಲಿ ಹೋರಾಡಿದರು. ಸಾವಿರದ ನೂರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿಗಳು ಮದ್ರಾಸಿಗೆ ಬಂದಿಳಿದಾಗ ಅಲ್ಲಿನ ಮುಖ್ಯಮಂತ್ರಿ ಸ್ವಾಗತಕ್ಕೆ ಬರಲಿಲ್ಲ. ಆ ಯುದ್ಧ ರಾಜಕೀಯವಾಗಿ ಯಾರಿಗೂ ಬೇಡವಾಗಿತ್ತು, ಅದಕ್ಕೆ ಹೋಗಿ ಬಂದವರೂ ಬೇಡವಾದರು. ಅವರ ಸ್ಮಾರಕ ಕೊಲಂಬೊ ಬಳಿ ಮೊದಲು ಎದ್ದಿತು, ನಮ್ಮ ರಾಷ್ಟ್ರೀಯ ಯುದ್ಧ ಸ್ಮಾರಕ ದೆಹಲಿಯಲ್ಲಿ ತೆರೆದಿದ್ದು 2019ರ ಫೆಬ್ರುವರಿಯಲ್ಲಿ. ಅಲ್ಲಿನ ಗೋಡೆಗಳಲ್ಲಿ ಈಗ ಅವರ ಹೆಸರುಗಳೂ ಇವೆ. ಪಿಂಚಣಿ ಪಡೆಯುತ್ತ ಬದುಕಿದ ಅವರ ಜೊತೆಗಾರರು ಈ ಹೆಸರುಗಳಿಗಾಗಿ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ಈಗ ನಿಮ್ಮ ತಮ್ಮ ಮಾಡಬೇಕಾದ್ದು. 2022ರ ಕೊನೆಯಲ್ಲಿ ಸೇರಿದವರ ಅವಧಿ 2026ರ ಕೊನೆಯಿಂದ ಮುಗಿಯುತ್ತದೆ. ನಿಯಮ ನಾಳೆ ಬದಲಾದರೂ ಬದಲಾಗಬಹುದು, ಆಗ ಕೈಯಲ್ಲಿ ದಾಖಲೆ ಇದ್ದವನಿಗೆ ಮೊದಲ ಲಾಭ. ನಾನು ಒಮ್ಮೆ ಒಂದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೂತಿದ್ದಾಗ ವಯಸ್ಸಾದ ತಾಯಿಯೊಬ್ಬರು ಸೆರಗಿನ ಗಂಟಿನಿಂದ ತೀರಿಕೊಂಡ ಗಂಡನ ಡಿಸ್ಚಾರ್ಜ್ ಬುಕ್ ತೆಗೆದರು. ಅಂಚು ಸವೆದು ಹಾಳೆಗಳು ದಾರದ ಮೇಲೆ ನಿಂತಿದ್ದವು. ಅದರಲ್ಲಿ ಅವರ ಹೆಸರಿನ ಕೊನೆಗೆ ‘ಅವ್ವ’ ಎಂದಿತ್ತು, ಆಧಾರ್‌ನಲ್ಲಿ ‘ಅಮ್ಮ’. ಅಷ್ಟಕ್ಕೇ ಕುಟುಂಬ ಪಿಂಚಣಿ ನಿಂತಿತ್ತು. ಅದನ್ನು ಸರಿಪಡಿಸಲು ಗಂಡನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆದು, ಅಫಿಡವಿಟ್ ಮಾಡಿಸಿ, ಉತ್ತರಕ್ಕೆ ಕಾಯಬೇಕು. ಅವರ ಮಗ ಬೆಂಗಳೂರಿನಲ್ಲಿ ಕೂಲಿಗಿದ್ದ, ಓಡಾಡುವವರು ಯಾರೂ ಇರಲಿಲ್ಲ. ಗಂಡ ಸೇವೆಯಲ್ಲಿದ್ದಾಗಲೇ ಸೇವಾ ದಾಖಲೆ ತಿದ್ದುವ ಒಂದು ಪಾರ್ಟ್ ಟೂ ಆರ್ಡರ್ ಮಾಡಿಸಿದ್ದರೆ ಮುಗಿದುಹೋಗುತ್ತಿದ್ದ ಕೆಲಸ ಅದು.

ಹಾಗಾಗಿ ತಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿ. ಸೇನೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯೇ ನೋಡಿಕೊಳ್ಳಲಿ. ವ್ಯತ್ಯಾಸವಿದ್ದರೆ ಯೂನಿಟ್ಟಿನಲ್ಲಿ ಇರುವಾಗಲೇ ಸರಿ ಮಾಡಿಸಲಿ. ಸೇವಾ ಪ್ರಮಾಣಪತ್ರ, ಕೌಶಲ ಪ್ರಮಾಣಪತ್ರ ಎರಡನ್ನೂ ಕೇಳಿ ಪಡೆಯಲಿ. ಎಲ್ಲಕ್ಕಿಂತ ಮುಖ್ಯವಾಗಿ, ತರಬೇತಿಯಲ್ಲೋ ಡ್ಯೂಟಿಯಲ್ಲೋ ಮೊಣಕಾಲು, ಬೆನ್ನು, ಕಿವಿ ಯಾವುದಕ್ಕಾದರೂ ಪೆಟ್ಟಾಗಿದ್ದರೆ ಅದರ ಇಂಜುರಿ ರಿಪೋರ್ಟ್ ದಾಖಲಾಗಿದೆಯೇ ಎಂದು ವಿಚಾರಿಸಲಿ. ಮನೆಗೆ ಹೊರಡುವ ಆತುರದಲ್ಲಿ ಹುಡುಗರು ಬಿಡುಗಡೆಯ ವೈದ್ಯಕೀಯ ತಪಾಸಣೆಯಲ್ಲಿ ‘ಎಲ್ಲ ಸರಿ ಇದೆ ಸಾಬ್’ ಅಂದುಬಿಡುತ್ತಾರೆ. ಸೇವೆಯಲ್ಲಿ ಆದ ಗಾಯ ಎಂದು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಕೆಲಸದ ವಿಷಯಕ್ಕೆ ಬಂದರೆ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಮತ್ತು ಅಸ್ಸಾಂ ರೈಫಲ್ಸ್‌ನಲ್ಲಿ ಮಾಜಿ ಅಗ್ನಿವೀರರಿಗೆ ಶೇ 10ರಷ್ಟು ಹುದ್ದೆ ಮೀಸಲಿಡುವುದಾಗಿ 2022ರಲ್ಲೇ ಘೋಷಣೆಯಾಗಿತ್ತು. ರಕ್ಷಣಾ ಸಚಿವಾಲಯದ ಹುದ್ದೆಗಳಲ್ಲೂ ಶೇ 10 ಎಂದಿದ್ದಾರೆ. ವಯೋಮಿತಿಯಲ್ಲಿ ಮೊದಲ ತಂಡಕ್ಕೆ ಐದು ವರ್ಷ, ಮುಂದಿನವರಿಗೆ ಮೂರು ವರ್ಷ ಸಡಿಲಿಕೆ. ನಿಮ್ಮ ತಮ್ಮ ಮೊದಲ ತಂಡದವನು, ಐದು ವರ್ಷದ ಸಡಿಲಿಕೆ ಅವನದು. ಅರ್ಜಿ ಹಾಕುವಾಗ ಮಾಜಿ ಸೈನಿಕ ಎಂಬ ಕಾಲಂ ತುಂಬಬಾರದು, ಮಾಜಿ ಅಗ್ನಿವೀರ ಎಂದೇ ತುಂಬಬೇಕು. ತಪ್ಪು ಕಾಲಂ ತುಂಬಿದರೆ ದಾಖಲೆ ಪರಿಶೀಲನೆಯ ಹಂತದಲ್ಲಿ ಅರ್ಜಿಯೇ ಬಿದ್ದುಹೋಗಬಹುದು.