ನೀಲಗಿರಿ: ಹೊಸಕೋಟೆಯ ನೀರಿನ ಲೆಕ್ಕ, ಮರದೊಳಗಿನ ಸ್ಟ್ರೆಸ್

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯಿಂದ ದಿನಾ ಕಾಲೇಜಿಗೆ ಬರೋರಿಗೆ ನೀಲಗಿರಿ ತೋಪು ಹೊಸದೇನಲ್ಲ. ಸಿವಿಲ್‌ನವರಿಗಂತೂ ಇನ್ನೂ ಹತ್ತಿರದ ಪರಿಚಯ. ಸ್ಲ್ಯಾಬ್ ಹಾಕುವಾಗ ಸೆಂಟ್ರಿಂಗ್ ಕೆಳಗೆ ನಿಲ್ಲಿಸುವ ಎಷ್ಟೋ ಕಂಬಗಳು ಇದೇ ಮರದವು. "ನೀರು ಕುಡಿಯೋ ಮರ" ಅಂತ ಊರಲ್ಲಿ ಎಲ್ಲರೂ ಬೈತಾರೆ. ಎಷ್ಟು ಕುಡಿಯುತ್ತೆ ಅಂತ ಕೇಳಿದರೆ ಮಾತ್ರ ಸುಮ್ಮನಾಗ್ತಾರೆ. ಆ ಲೆಕ್ಕವನ್ನು ಅಳೆದು ನೋಡಿದ್ದಾರೆ, ಅದೂ ನಮ್ಮ ಹೊಸಕೋಟೆಯಲ್ಲೇ.

ಮರ ಆಸ್ಟ್ರೇಲಿಯಾದ್ದು. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಡಿಸಿದ ಅಂತ ಹೇಳ್ತಾರೆ. ಅಲ್ಲಿಂದ ಹಬ್ಬಿದ ತಳಿಗೆ ಲೋಕವೆಲ್ಲ 'ಮೈಸೂರು ಗಮ್' ಅಂತಲೇ ಹೆಸರು. ರೈತರ ಹೊಲಕ್ಕೆ ಇದು ದೊಡ್ಡದಾಗಿ ಬಂದದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ. ಜಗಳವೂ ಆಗಲೇ ಶುರುವಾಯ್ತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಹುಣಸೆ, ಮಾವಿನ ಬೀಜ ಹಾಕಿದ್ದರು.

ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಇಲ್ಲಿನ ಸಂಶೋಧಕರು ಸೇರಿ ಶಿವಮೊಗ್ಗದ ಕಡೆಯೂ ಹೊಸಕೋಟೆಯಲ್ಲೂ ಅಳತೆ ಮಾಡಿದರು. ಮಣ್ಣಿನೊಳಗೆ ಕೊಳವೆ ಇಳಿಸಿ, ನ್ಯೂಟ್ರಾನ್ ಪ್ರೋಬ್ ಬಿಟ್ಟು ಪ್ರತಿ ಆಳದಲ್ಲೂ ತೇವ ಎಷ್ಟಿದೆ ಅಂತ ನೋಡುವುದು ಒಂದು ವಿಧಾನ. ನ್ಯೂಟ್ರಾನ್ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದರೆ ನಿಧಾನವಾಗುತ್ತೆ, ಮಣ್ಣಿನಲ್ಲಿ ಹೈಡ್ರೋಜನ್ ಅಂದರೆ ಬಹುಮಟ್ಟಿಗೆ ನೀರು. ಇನ್ನೊಂದು ವಿಧಾನದಲ್ಲಿ ಕಾಂಡಕ್ಕೆ ಡ್ಯುಟೀರಿಯಂ ಕೊಟ್ಟು, ಅದು ಎಲೆಗೆ ಎಷ್ಟು ಬೇಗ ತಲುಪುತ್ತೆ ಅಂತ ಲೆಕ್ಕ ಹಾಕುತ್ತಾರೆ.

ಶಿವಮೊಗ್ಗದ ಕಡೆ ಮಣ್ಣು ಅಷ್ಟು ಆಳವಿಲ್ಲದ ಜಾಗದಲ್ಲಿ ನೀಲಗಿರಿ ಬಳಸಿದ ನೀರು ಅಲ್ಲಿನ ಎಲೆ ಉದುರಿಸುವ ಸಹಜ ಕಾಡಿಗಿಂತ ಹೆಚ್ಚೇನೂ ಇರಲಿಲ್ಲ. ನೀಲಗಿರಿ ಪರವಾಗಿ ಮಾತಾಡೋರು ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಹೊಸಕೋಟೆಯ ಆಳವಾದ ಕೆಂಪು ಮಣ್ಣಿನಲ್ಲಿ ಕಥೆ ಬೇರೆ. ಮೂರು ವರ್ಷದಲ್ಲಿ ಬಿದ್ದ ಮಳೆ 2100 ಮಿಲಿಮೀಟರ್, ಮರ ಬಳಸಿದ ನೀರು 3400 ಮಿಲಿಮೀಟರ್. ಬಿದ್ದದ್ದಕ್ಕಿಂತ ಹೆಚ್ಚು! ಬೇರು ವರ್ಷಕ್ಕೆ ಎರಡೂವರೆ ಮೀಟರ್‌ಗೂ ಮಿಕ್ಕಿದ ವೇಗದಲ್ಲಿ ಕೆಳಗಿಳಿಯಬಲ್ಲದು, ಹಾಗೆ ಇಳಿದಂತೆಲ್ಲ ಹಿಂದಿನ ಮಳೆಗಾಲಗಳಿಂದ ಮಣ್ಣಿನಲ್ಲಿ ಕೂತಿದ್ದ ತೇವವನ್ನೂ ಎಳೆದುಕೊಳ್ಳುತ್ತೆ. ಸಂಬಳ ಸಾಲದೆ ಹಳೇ ಎಫ್‌ಡಿ ಮುರಿದು ತಿಂದ ಹಾಗೆ.

ಆ 1300 ಮಿಲಿಮೀಟರ್ ವ್ಯತ್ಯಾಸವನ್ನು ಎಕರೆಗೆ ಹಾಕಿ ನೋಡಿ. ಎಕರೆ ಅಂದರೆ 4047 ಚದರ ಮೀಟರ್, ಅದನ್ನು 1.3ರಿಂದ ಗುಣಿಸಿದರೆ 5261 ಘನ ಮೀಟರ್, ಅಂದರೆ ಸುಮಾರು 52 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 875ಕ್ಕೂ ಹೆಚ್ಚು ಲೋಡು. ಅದೇ ಅಧ್ಯಯನದಲ್ಲಿ ರಾಗಿಯನ್ನೂ ಅಳೆದಿದ್ದರು. ತೋಪುಗಳು ಬಳಸಿದ ನೀರು ರಾಗಿಯ ಸುಮಾರು ಎರಡರಷ್ಟು.

ಇದರ ಪರಿಣಾಮ ನದಿಯವರೆಗೂ ಹೋಗುತ್ತೆ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟದ ಮೇಲೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಬರಬೇಕು. ಬರುವ ನೀರು ದಶಕಗಳಿಂದ ಇಳಿಯುತ್ತಲೇ ಬಂತು. ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಹವಾಮಾನ ಬದಲಾವಣೆಯಿಂದ ಇದನ್ನು ವಿವರಿಸಲು ಆಗಲ್ಲ. ಬೋರ್‌ವೆಲ್ ಮತ್ತು ನೀಲಗಿರಿ ತೋಪು ಮುಖ್ಯ ಕಾರಣಗಳಾಗಿರುವ ಸಾಧ್ಯತೆ ಹೆಚ್ಚು, ಅಡ್ಡಕಟ್ಟೆಗಳದ್ದು ಅದಕ್ಕಿಂತ ಕಡಿಮೆ ಪಾಲು ಅಂತ ಹೇಳಿತು. ಎಲ್ಲ ತಪ್ಪನ್ನೂ ಮರದ ತಲೆಗೇ ಕಟ್ಟೋದು ಅಷ್ಟು ಸರಿಯಲ್ಲ, ಬೋರ್‌ವೆಲ್ ಕೊರೆಸಿದ್ದು ನಾವೇ ತಾನೆ?

ಇನ್ನು ಹುಳದ ವಿಷಯ. ಸಸಿ ನೆಟ್ಟ ಹೊಸದರಲ್ಲಿ ಗೆದ್ದಲು ಬೇರು ತಿನ್ನುತ್ತೆ, ಅದು ಹಳೇ ಶತ್ರು. 2000ದ ದಶಕದಲ್ಲಿ ಆಸ್ಟ್ರೇಲಿಯಾ ಮೂಲದ ಲೆಪ್ಟೋಸೈಬ್ ಇನ್ವೇಸಾ ಎಂಬ ಕಣಜದ ಹುಳು ಕರ್ನಾಟಕಕ್ಕೂ ತಮಿಳುನಾಡಿಗೂ ಬಂತು. ಉದ್ದ ಒಂದೂ ಕಾಲು ಮಿಲಿಮೀಟರ್ ಆಸುಪಾಸು. ಎಳೇ ಎಲೆಯ ನಡುನರ, ತೊಟ್ಟು, ಚಿಗುರು ಕಾಂಡದಲ್ಲಿ ಮೊಟ್ಟೆ ಇಡುತ್ತೆ, ಅಲ್ಲಿ ಗಂಟು ಕಟ್ಟಿ ಎಲೆ ಸುರುಟಿ ಬೆಳವಣಿಗೆ ನಿಲ್ಲುತ್ತೆ. ಹೆಣ್ಣಿಗೆ ಗಂಡಿನ ಅಗತ್ಯವೇ ಇಲ್ಲ, ಒಂದೇ ಬಂದರೂ ಸಂಸಾರ ಬೆಳೆಯುತ್ತೆ. ಕಡಿದ ಬುಡದ ಹೊಸ ಚಿಗುರು ಇದಕ್ಕೆ ಹಬ್ಬದೂಟ. ಮರಿ ಗಂಟಿನೊಳಗೇ ಇರುವುದರಿಂದ ಔಷಧಿ ಹೊಡೆದರೆ ಅದಕ್ಕೆ ತಾಕಲ್ಲ. ಇಸ್ರೇಲ್‌ನಲ್ಲಿ ಕ್ವಾಡ್ರಸ್ಟಿಕಸ್ ಮೆಂಡೆಲಿ ಎಂಬ ಇನ್ನೊಂದು ಕಣಜವನ್ನು ತಂದುಬಿಟ್ಟರು, ಅದು ಈ ಹುಳದ ಮರಿಯ ಮೇಲೇ ಬೆಳೆಯುತ್ತೆ. ಈಗ ಅದು ಭಾರತದಲ್ಲೂ ಇದೆ.

ಇಷ್ಟೆಲ್ಲ ನೀರು ಕುಡಿದು ಬೆಳೆದ ಮರ ಕಾಗದದ ತಿರುಳು, ಸೌದೆ, ಕಂಬ ಬಿಟ್ಟರೆ ಬಾಗಿಲಿಗೋ ಮೇಜಿಗೋ ಯಾಕೆ ಹೆಚ್ಚು ಆಗಿಬರಲ್ಲ? ಉತ್ತರ ನಿಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದಲ್ಲೇ ಇದೆ. ಕಾಂಡದ ಹೊರಪದರದಲ್ಲಿ ಹೊಸದಾಗಿ ಹುಟ್ಟುವ ಕೋಶ ಗಟ್ಟಿಯಾಗುವಾಗ ಉದ್ದುದ್ದ ಕುಗ್ಗಲು ನೋಡುತ್ತೆ, ಒಳಗಿನ ಹಳೇ ಮರ ಬಿಡಲ್ಲ. ಹಾಗಾಗಿ ಹೊರಗೆ ಟೆನ್ಷನ್, ನಡುವೆ ಕಂಪ್ರೆಷನ್ ಸೇರುತ್ತಾ ಹೋಗುತ್ತೆ. ಮರ ಎಳೆತ ತಡೆಯುವಷ್ಟು ಒತ್ತಡ ತಡೆಯಲ್ಲ, ಗಾಳಿಗೆ ಬಾಗಿದಾಗ ಒಳಬದಿಯ ಒತ್ತಡವನ್ನು ಈ ಮುಂಗಡ ಟೆನ್ಷನ್ ಕಮ್ಮಿ ಮಾಡುತ್ತೆ. ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನ ಯೋಚನೆಯೇ, ಚಿಹ್ನೆ ಮಾತ್ರ ಉಲ್ಟಾ. ಎಲ್ಲ ಮರದಲ್ಲೂ ಇದಿದೆ, ಬೇಗ ಬೆಳೆಯುವ ನೀಲಗಿರಿಯಲ್ಲಿ ಜೋರು. ಗರಗಸ ಬಿದ್ದ ಕ್ಷಣ ಸಮತೋಲ ತಪ್ಪಿ ದಿಮ್ಮಿಯ ತುದಿ ನಕ್ಷತ್ರದ ಹಾಗೆ ಸೀಳುತ್ತೆ, ಹಲಗೆ ಬಿಲ್ಲಾಗುತ್ತೆ. ದಿಮ್ಮಿಯ ತುದಿಗೆ ಲೇಪ ಹಚ್ಚಿ ಒಣಗುವುದನ್ನು ನಿಧಾನ ಮಾಡುವುದು, ನಡುವಿನ ತಿರುಳನ್ನು ಬಿಟ್ಟು ಎರಡೂ ಬದಿಯಿಂದ ಸಮನಾಗಿ ಸೀಳುತ್ತಾ ಬರುವುದು, ನೆರಳಲ್ಲಿ ಅಟ್ಟಿ ಕಟ್ಟಿ ಮೇಲೆ ಭಾರ ಹೇರುವುದು, ಇವೆಲ್ಲ ಉಪಾಯಗಳು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಕೆಲಸವೇ ಮರದ ಇಂಥ ಪ್ರಶ್ನೆಗಳು. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕೋರು ಅತ್ತ ಒಮ್ಮೆ ನೋಡಬಹುದು.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡ ಮತ್ತೆ ಚಿಗುರುತ್ತೆ, ಜೆಸಿಬಿ ತಂದು ಬೊಡ್ಡೆ ಕೀಳಿಸೋಕೆ ದುಡ್ಡು ಬೇಕು. ಕೂಲಿಗೆ ಜನ ಸಿಗಲ್ಲ, ದನ ಮೇಯಲ್ಲ, ಕಾವಲು ಬೇಡ ಅಂತ ತೋಪು ಹಾಕಿದ ರೈತನ ಕಷ್ಟ ಹಾಗೇ ಇದೆ. ಬೊಡ್ಡೆ ಕಿತ್ತು ರಾಗಿ ಹಾಕಿದರೂ ಮಣ್ಣು ತಕ್ಷಣ ತುಂಬಲ್ಲ. ರಾಗಿಯ ಬೇರು ದಾಟಿ ವರ್ಷಕ್ಕೆ 100 ಮಿಲಿಮೀಟರ್ ಮಳೆನೀರು ಕೆಳಗಿಳಿಯುತ್ತೆ ಅಂತ ಹಿಡಿದರೂ, ಹೊಸಕೋಟೆಯ ಆ 1300 ಮಿಲಿಮೀಟರ್ ಮರಳಿ ಸೇರೋಕೆ 13 ಮಳೆಗಾಲ ಬೇಕು.