ಕಾರ್ಡಿನ ಹಣ ಹಿಂದಿರುಗೀತು, ಬಿಟ್‌ಕಾಯಿನ್ ಹಿಂದಿರುಗದು

ಉಮರ್ಗಾ ತಾಲ್ಲೂಕಿನ ದಾಳಿಂಬದ ಓದುಗರೊಬ್ಬರಿಗೆ ತಮ್ಮ ಬಿಟ್‌ಕಾಯಿನ್ ಮಾರಬೇಕಿದೆ. ಆನ್‌ಲೈನಿನಲ್ಲಿ ಪರಿಚಯವಾದವನೊಬ್ಬ ಕ್ರೆಡಿಟ್ ಕಾರ್ಡಿನಿಂದ, ಪೇಟೆ ದರಕ್ಕಿಂತ ಹೆಚ್ಚೇ ಕೊಡುತ್ತೇನೆ ಎನ್ನುತ್ತಿದ್ದಾನಂತೆ. ಒಪ್ಪಬಹುದೇ ಎಂಬುದು ಅವರ ಪ್ರಶ್ನೆ.

ಖಂಡಿತ ಬೇಡ. ಆ ಹೆಚ್ಚಿನ ದರವೇ ಅಪಾಯದ ಗುರುತು.

ಕಾರ್ಡು ಕದ್ದದ್ದಾಗಿದ್ದರೆ ಅದರ ನಿಜವಾದ ಒಡೆಯ ಬ್ಯಾಂಕಿಗೆ ದೂರು ಕೊಡುತ್ತಾನೆ. ತನ್ನ ತಪ್ಪಿಲ್ಲದ ಮೋಸವನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ದೂರು ಬಂದಾಗ ಚಾರ್ಜ್‌ಬ್ಯಾಕ್ ಆಗಿ, ಮಾರಿದವರ ಕೈಸೇರಿದ ಹಣ ಹಿಂದಕ್ಕೆ ಹೋಗುತ್ತದೆ. ವೀಸಾ ಕಾರ್ಡಿನ ಹಲವು ಬಗೆಯ ತಕರಾರುಗಳಿಗೆ 120 ದಿನಗಳ ಅವಕಾಶವಿದೆ. ಸ್ವಂತ ಕಾರ್ಡಿನಲ್ಲೇ ಕೊಟ್ಟು, ಆಮೇಲೆ ‘ನಾನು ಕೊಂಡೇ ಇಲ್ಲ’ ಎನ್ನುವವರೂ ಇದ್ದಾರೆ. ಬಿಟ್‌ಕಾಯಿನ್ ಮಾತ್ರ ಬ್ಲಾಕ್‌ಚೈನಿನಲ್ಲಿ ಒಮ್ಮೆ ದೃಢಪಟ್ಟರೆ ಮರಳದು. ಮರಳಿಸುವ ಬ್ಯಾಂಕೂ ಇಲ್ಲ.

ಮಾರಲೇಬೇಕಿದ್ದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದ ಕ್ರಿಪ್ಟೊ ಎಕ್ಸ್‌ಚೇಂಜಿನಲ್ಲಿ ಮಾರಲಿ. ಲಾಭಕ್ಕೆ ಶೇ 30 ತೆರಿಗೆ, ಮಾರಾಟಕ್ಕೆ ಶೇ 1 ಟಿಡಿಎಸ್ ಕಟ್ಟಬೇಕಾದರೂ ಅದೇ ಸುರಕ್ಷಿತ. ಅಪರಿಚಿತರು ಕಳಿಸುವ ಯುಪಿಐ ಹಣವೂ ವಂಚನೆಯದ್ದಾಗಿದ್ದರೆ ಪೊಲೀಸರು ಖಾತೆಯನ್ನೇ ತಡೆಹಿಡಿಯಬಹುದು.

ಈಗಾಗಲೇ ಕಾಯಿನ್ ಕಳಿಸಿಬಿಟ್ಟಿದ್ದರೆ ಆ ಓದುಗರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ವಾಲೆಟ್ ವಿಳಾಸ, ಸಂದೇಶ ಯಾವುದನ್ನೂ ಅಳಿಸದಿರಲಿ.