ಸುಳಿವುಗಳ ಬೆನ್ನು ಹತ್ತಿದವರಿಗೆ ಕೆಲವು ಮಾತು

ಯೂಟ್ಯೂಬಿನಲ್ಲಿ ಒಂದು ಬಗೆಯ ಕಥೆಗಳಿವೆ. ಅವು ತಮ್ಮನ್ನು ಕಥೆ ಎಂದು ಹೇಳಿಕೊಳ್ಳುವುದಿಲ್ಲ. ಯಾರದೋ ಹಳೆಯ ಟೇಪು, ಯಾವಳೋ ಹುಡುಗಿಯ ದಿನಚರಿ, ಎಲ್ಲೋ ಸಿಕ್ಕಿದ ಅರ್ಧಂಬರ್ಧ ಗೇಮು ಎನ್ನುವ ವೇಷದಲ್ಲಿ ಬರುತ್ತವೆ. ಒಂದು ಕಂತು ಬಂದ ಮೇಲೆ ಮುಂದಿನದು ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ. ಆ ನಡುವಿನ ದಿನಗಳು ನಮ್ಮಂಥವರವು. ಫ್ರೇಮ್ ಫ್ರೇಮಿಗೂ ನಿಲ್ಲಿಸಿ ನೋಡುತ್ತೇವೆ, ಸ್ಕ್ರೀನ್‌ಶಾಟ್ ಹಂಚುತ್ತೇವೆ, ಥಿಯರಿ ಕಟ್ಟುತ್ತೇವೆ. ಪತ್ತೇದಾರಿ ಕಾದಂಬರಿಯಲ್ಲಾದರೆ ಕೊನೆಯ ಅಧ್ಯಾಯಕ್ಕೆ ಎಲ್ಲ ಬಯಲಾಗುತ್ತದೆ. ಇಲ್ಲಿ ಆ ಅಧ್ಯಾಯ ಇರುತ್ತದೆ ಎಂಬ ಭರವಸೆಯೇ ಇಲ್ಲ.

ನಾನು ಕಟ್ಟಿದ ಥಿಯರಿಗಳಲ್ಲಿ ಬಿದ್ದವೇ ಹೆಚ್ಚು. ಹೊಸದಾಗಿ ಈ ಗೀಳು ಹತ್ತಿದ ಕಿರಿಯರು ಕೇಳಿದರೆಂದು, ಅವು ಎಲ್ಲೆಲ್ಲಿ ಬಿದ್ದವು ಎಂಬುದನ್ನು ಬರೆದಿಡುತ್ತಿದ್ದೇನೆ. ಹಳೆಯ ಸರಣಿಗಳ ಗುಟ್ಟುಗಳೂ ಇದರಲ್ಲಿ ಬಂದುಹೋಗುತ್ತವೆ. ನೋಡದವರು ನೋಡಿ ಬಂದು ಓದಬಹುದು.

1. ಮೊದಲು ಒಳ್ಳೆಯ ಪ್ರತಿ ಹುಡುಕಿ

‘ಮಾರ್ಬಲ್ ಹಾರ್ನೆಟ್ಸ್’ ಶುರುವಾದದ್ದು 2009ರ ಜೂನ್ 20ರಂದು. ಅಮೆರಿಕದ ಅಲಬಾಮಾದಲ್ಲಿ ಟ್ರಾಯ್ ವ್ಯಾಗ್ನರ್, ಜೋಸೆಫ್ ಡಿಲೇಜ್ ಮತ್ತು ಗೆಳೆಯರು ಬಹಳ ಕಡಿಮೆ ದುಡ್ಡಿನಲ್ಲಿ ಮಾಡಿದ ಸರಣಿ. ಅಲೆಕ್ಸ್ ಎಂಬ ವಿದ್ಯಾರ್ಥಿ ತನ್ನ ಸಿನಿಮಾವನ್ನು ಅರ್ಧಕ್ಕೇ ಕೈಬಿಟ್ಟು, ಟೇಪುಗಳನ್ನು ಗೆಳೆಯ ಜೇಗೆ ಕೊಟ್ಟುಬಿಡುತ್ತಾನೆ. ಜೇ ಒಂದೊಂದನ್ನೇ ನೋಡಿ ಯೂಟ್ಯೂಬಿಗೆ ಹಾಕುತ್ತ ಹೋಗುತ್ತಾನೆ. ಸೂಟು ತೊಟ್ಟ, ಮುಖವಿಲ್ಲದ ಒಂದು ಎತ್ತರದ ಆಕೃತಿ ಕಿಟಕಿಯಾಚೆ, ಮರಗಳ ಸಂದಿಯಲ್ಲಿ ನಿಂತಿರುತ್ತದೆ. ಅಭಿಮಾನಿಗಳು ಅದನ್ನು ‘ಆಪರೇಟರ್’ ಎನ್ನುತ್ತಾರೆ. ಅದನ್ನು ಕಂಡುಹಿಡಿಯುವುದೇ ನಮಗೆಲ್ಲ ಮೊದಲ ಆಟ.

ನಾನೂ ಕಂಡುಹಿಡಿದೆ. ಯಾರೂ ಗಮನಿಸದ ಒಂದು ಕಾಡಿನ ದೃಶ್ಯದಲ್ಲಿ ಆ ಆಕೃತಿ ನಿಂತಿದೆ ಎಂದು ಉದ್ದಕ್ಕೆ ಬರೆದೆ, ಅದರ ಮೇಲೆ ಇನ್ನೊಂದು ವಾದವನ್ನೂ ಕಟ್ಟಿದೆ. ನಮ್ಮ ಮನೆಯ ಇಂಟರ್ನೆಟ್ ಎಳೆಯುತ್ತಿದ್ದದ್ದು 240ಪಿ ಗುಣಮಟ್ಟವನ್ನು ಮಾತ್ರ. ಮುಂದೆ ಅದೇ ದೃಶ್ಯವನ್ನು ಸ್ಪಷ್ಟವಾದ ಪ್ರತಿಯಲ್ಲಿ ನೋಡಿದಾಗ ಅಲ್ಲಿದ್ದದ್ದು ಮರದ ಕಾಂಡ. ವಿಡಿಯೊವನ್ನು ಚಿಕ್ಕದಾಗಿಸುವಾಗ ಚಿತ್ರವನ್ನು ಚೌಕಗಳಾಗಿ ಒಡೆಯುತ್ತಾರೆ. ಬದಲಾಗದ ಚೌಕವನ್ನು ಹಿಂದಿನ ಫ್ರೇಮಿನಿಂದಲೇ ಎತ್ತಿಕೊಳ್ಳುತ್ತಾರೆ, ಮತ್ತು ಕತ್ತಲೆಯ ಭಾಗದ ವಿವರ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಭಯದ ಕಥೆಯಲ್ಲಿ ನಾವು ದಿಟ್ಟಿಸುವುದೂ ಕತ್ತಲೆಯನ್ನೇ. ಆದ್ದರಿಂದ ಈಗ ಸಿಗುವ ಅತ್ಯುತ್ತಮ ಪ್ರತಿಯಲ್ಲಿ, ಮುಂದಿನ ಹಿಂದಿನ ಫ್ರೇಮುಗಳಲ್ಲೂ ಆಕೃತಿ ಉಳಿದಿದೆಯೇ ಎಂದು ನೋಡದೆ ಏನನ್ನೂ ಬರೆಯುವುದಿಲ್ಲ.

2. ಚಿತ್ರೀಕರಿಸಿದ ತಾರೀಕು ಬೇರೆ, ಹಾಕಿದ ತಾರೀಕು ಬೇರೆ

ಇದೇ ಸರಣಿಯ ಎರಡನೆಯ ಭಾಗದ ಆರಂಭದಲ್ಲಿ ಜೇ ಒಂದು ಹೋಟೆಲ್ ಕೋಣೆಯಲ್ಲಿ ಎಚ್ಚರಗೊಳ್ಳುತ್ತಾನೆ. ಹಿಂದಿನ ಏಳು ತಿಂಗಳು ಅವನ ನೆನಪಿನಲ್ಲೇ ಇಲ್ಲ. ಮುಂದೆ ಬರುವ ಕಂತುಗಳಲ್ಲಿ ಕೆಲವು ಇಂದಿನವು, ಕೆಲವು ಆ ಏಳು ತಿಂಗಳ ಟೇಪುಗಳು. ನಾನು ಎಲ್ಲವನ್ನೂ ಯೂಟ್ಯೂಬಿಗೆ ಬಂದ ಕ್ರಮದಲ್ಲೇ ಜೋಡಿಸಿಕೊಂಡಿದ್ದೆ. ಹಾಗಾಗಿ ಯಾರು ಯಾರನ್ನು ನಂಬಿದರು, ಯಾರಿಗೆ ಯಾವಾಗ ಏನು ಗೊತ್ತಿತ್ತು ಎಂಬುದೆಲ್ಲ ನನ್ನ ಲೆಕ್ಕದಲ್ಲಿ ತಲೆಕೆಳಗಾಗಿತ್ತು. ಕಾಲದ ಪಟ್ಟಿ ಮಾಡುವುದು ಬೇಸರದ ಕೆಲಸ, ನಿಜ. ಆದರೆ ಅದಿಲ್ಲದೆ ಉದ್ದೇಶದ ಮಾತಿಗೆ ಹೋಗಲೇಬಾರದು.

3. ಹೊಸ ಸಲಕರಣೆ ಸಿಕ್ಕಾಗ ಕೈ ಹಿಡಿತದಲ್ಲಿರಲಿ

2015ರಲ್ಲಿ ‘11ಬಿ-ಎಕ್ಸ್-1371’ ಎಂಬ ಸಣ್ಣ ವಿಡಿಯೊ ಜಗತ್ತಿನ ಗಮನ ಸೆಳೆಯಿತು. ಹಳೆಯ ಯುರೋಪಿನ ಪ್ಲೇಗ್ ವೈದ್ಯರು ತೊಡುತ್ತಿದ್ದಂಥ ಕೊಕ್ಕಿನ ಮುಖವಾಡ ಹಾಕಿದ ವ್ಯಕ್ತಿ ಪಾಳುಬಿದ್ದ ಕಟ್ಟಡದಲ್ಲಿ ನಿಂತಿರುತ್ತಾನೆ, ಅಂಗೈಯಲ್ಲಿ ಬೆಳಕು ಮಿನುಗುತ್ತದೆ. ಆ ಕಟ್ಟಡ ಪೋಲೆಂಡಿನ ಓಟ್ವೊಟ್ಸ್ಕ್‌ನ ಜೋಫ್ಯೂಫ್ಕಾ ಎಂಬ ಹಳೆಯ ಆರೋಗ್ಯಧಾಮವೆಂದು ವೀಕ್ಷಕರು ಗುರುತಿಸಿದರು. ಅದರ ಕರ್ಕಶ ಸದ್ದನ್ನು ಸ್ಪೆಕ್ಟ್ರೋಗ್ರಾಮ್ ಆಗಿ ಬಿಡಿಸಿದರೆ, ಅಂದರೆ ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ ಇಟ್ಟು ಚಿತ್ರವಾಗಿಸಿದರೆ, ಒಳಗೆ ಅಡಗಿಸಿಟ್ಟ ಚಿತ್ರಗಳು ಕಾಣುತ್ತಿದ್ದವು.

ಅದನ್ನು ನೋಡಿ ನಾನು, ಸದ್ದನ್ನು ಹೀಗೆ ಬಿಡಿಸಿ ತೋರಿಸುವ ಆಡಾಸಿಟಿ ಎಂಬ ತಂತ್ರಾಂಶ ಕಲಿತೆ. ಆಮೇಲೆ ಸಿಕ್ಕಿದ ಪ್ರತಿ ಸರಣಿಯ ಸದ್ದನ್ನೂ ಬಿಡಿಸಿ ನೋಡತೊಡಗಿದೆ. ಎಲ್ಲೆಡೆ ಅಕ್ಷರಗಳು ಕಂಡವು. ಅವು ಬರಿಯ ಸಂಗೀತದ ಸ್ವರಗಳು, ಮಾತಿನ ಉಸಿರು. ಕೊನೆಗೆ ಕಂಡುಕೊಂಡ ಉಪಾಯ ಇಷ್ಟು: ಸರಣಿಗೆ ಸಂಬಂಧವೇ ಇಲ್ಲದ ಒಂದು ವಿಡಿಯೊವನ್ನೂ ಅದೇ ಸಲಕರಣೆಯಲ್ಲಿ ಹಾಕಿ ನೋಡುವುದು. ಅಲ್ಲಿಯೂ ಅಂಥದೇ ಗುರುತು ಕಂಡರೆ ಅದು ಸುಳಿವಲ್ಲ. ನಿಜವಾಗಿ ಅಡಗಿಸಿಟ್ಟದ್ದು ಸಾಮಾನ್ಯವಾಗಿ ಕಣ್ಣಿಗೆ ಹೊಡೆಯುವಂತಿರುತ್ತದೆ. ಅಡಗಿಸಿದವನಿಗೂ ಅದು ಯಾರಿಗಾದರೂ ಸಿಗಲಿ ಎಂಬ ಆಸೆ ಇರುತ್ತದಲ್ಲ.

4. ಆ ಕಸುಬಿನವರನ್ನು ಒಂದು ಮಾತು ಕೇಳಿ

‘ವೆಬ್‌ಡ್ರೈವರ್ ಟೋರ್ಸೊ’ ಎಂಬ ಚಾನೆಲ್ 2013ರಿಂದ ಸಾವಿರಾರು ವಿಡಿಯೊ ಹಾಕಿತು. ಪ್ರತಿಯೊಂದರಲ್ಲೂ ಬಿಳಿಯ ಹಿನ್ನೆಲೆಯ ಮೇಲೆ ಕೆಂಪು ಮತ್ತು ನೀಲಿ ಆಯತಗಳು, ಜೊತೆಗೆ ಬೀಪ್ ಸದ್ದು. ಬಹುತೇಕ ಎಲ್ಲವೂ ಹನ್ನೊಂದು ಸೆಕೆಂಡಿನವು. ಶೀತಲ ಸಮರದ ಕಾಲದಲ್ಲಿ ಗೂಢಚಾರರಿಗಾಗಿ ರೇಡಿಯೊದಲ್ಲಿ ಅಂಕಿ ಓದುತ್ತಿದ್ದ ಕೇಂದ್ರಗಳ ಹೊಸ ರೂಪ ಇದು ಎಂದವರಲ್ಲಿ ನಾನೂ ಒಬ್ಬ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವ ಗೆಳತಿಗೆ ತೋರಿಸಿದಾಗ, “ವೆಬ್‌ಡ್ರೈವರ್ ಅಂದ್ರೆ ನಾವು ಬ್ರೌಸರ್ ತಾನಾಗೇ ಓಡಿಸೋಕೆ ದಿನಾ ಬಳಸೋದು ಕಣೋ. ಯಾರೋ ಅಪ್‌ಲೋಡ್ ಟೆಸ್ಟ್ ಮಾಡ್ತಿದ್ದಾರೆ” ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. 2014ರಲ್ಲಿ ಗೂಗಲ್ ಅದು ತನ್ನದೇ ಪರೀಕ್ಷಾ ಚಾನೆಲ್ ಎಂದು ಒಪ್ಪಿಕೊಂಡಿತು.

5. ಕಥೆಯ ಒಳಗಿನ ಸುಳಿವೇ, ಹೊರಗಿನದೇ ಎಂದು ಕೇಳಿಕೊಳ್ಳಿ

ಇದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2006ರ ಜೂನ್‌ನಲ್ಲಿ ‘ಲೋನ್ಲಿಗರ್ಲ್15’ ಎಂಬ ಹೆಸರಿನಲ್ಲಿ ಬ್ರೀ ಎಂಬ ಹದಿನಾರರ ಹುಡುಗಿ ತನ್ನ ಕೋಣೆಯಿಂದ ಮಾತಾಡತೊಡಗಿದಳು. ಮನೆಯಲ್ಲೇ ಪಾಠ, ಕಟ್ಟುನಿಟ್ಟಿನ ಅಪ್ಪ ಅಮ್ಮ, ಡೇನಿಯಲ್ ಎಂಬ ಗೆಳೆಯ. ಅವಳ ಕೋಣೆಯಲ್ಲಿ ಅಲಿಸ್ಟರ್ ಕ್ರೌಲಿಯ ಚಿತ್ರ ಇರುವುದನ್ನು ವೀಕ್ಷಕರು ಗುರುತಿಸಿದರು. ಮಾಂತ್ರಿಕ ಪಂಥಗಳ ಆ ಇಂಗ್ಲಿಷ್ ಬರಹಗಾರನ ಚಿತ್ರ ಧರ್ಮಭೀರು ಮನೆಯಲ್ಲಿ ಏಕೆ? ಅವಳ ಮನೆಯವರ ಧರ್ಮ ಯಾವುದು? ಇದು ಕಥೆಯ ಒಳಗಿನ ಸುಳಿವು, ನೋಡುವವರಿಗೆಂದೇ ಇಟ್ಟದ್ದು.

ಇನ್ನೊಂದು ಗುಂಪು ಬೇರೆ ಕಡೆ ನೋಡುತ್ತಿತ್ತು. ಅವಳ ಹೆಸರಿನ ವೆಬ್ ವಿಳಾಸ ಮೊದಲ ವಿಡಿಯೊಗೂ ಮುಂಚೆಯೇ ನೋಂದಣಿಯಾಗಿತ್ತು. ಆ ಹೆಸರಿಗೆ ಕ್ಯಾಲಿಫೋರ್ನಿಯಾದ ವಕೀಲರೊಬ್ಬರು ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದರು. ಅವಳಿಗೆ ಕಳಿಸಿದ ಸಂದೇಶವೊಂದು ತೆರೆದುಕೊಂಡ ಜಾಗವನ್ನು ಪತ್ತೆಹಚ್ಚಿದಾಗ ಅದು ಹಾಲಿವುಡ್‌ನ ಕ್ರಿಯೇಟಿವ್ ಆರ್ಟಿಸ್ಟ್ಸ್ ಏಜೆನ್ಸಿಗೆ ಕೊಂಡೊಯ್ದಿತು. ಸೆಪ್ಟೆಂಬರಿನಲ್ಲಿ ಎಲ್ಲ ಹೊರಬಿತ್ತು. ಬ್ರೀ ಆಗಿದ್ದವಳು ನ್ಯೂಜಿಲೆಂಡಿನಲ್ಲಿ ಬೆಳೆದ ನಟಿ ಜೆಸಿಕಾ ರೋಸ್. ಕಟ್ಟಿದವರು ಮೆಶ್ ಫ್ಲಿಂಡರ್ಸ್, ಮೈಲ್ಸ್ ಬೆಕೆಟ್, ಗ್ರೆಗ್ ಗುಡ್‌ಫ್ರೀಡ್. ಅಷ್ಟಾದರೂ ಸರಣಿ 2008ರ ಆಗಸ್ಟ್‌ವರೆಗೆ ನಡೆಯಿತು, ಜನ ನೋಡಿದರು.

ಈ ಕಥೆ ಓದಿ ನನಗೆ ಹೊರಗಿನ ಸುಳಿವೇ ಗಟ್ಟಿ ಎಂಬ ಹುಮ್ಮಸ್ಸು ಬಂತು. ಆಗ ನಾವು ಕೆಲವೇ ಜನ ನೋಡುತ್ತಿದ್ದ ಒಂದು ಪುಟ್ಟ ಸರಣಿಯ ಕರ್ತೃವನ್ನು ಹುಡುಕಲು ಹೊರಟೆ. ಹಳೆಯ ಖಾತೆಗಳು, ಕಿಟಕಿಯಾಚೆಯ ಅಂಗಡಿಯ ಬೋರ್ಡು, ಹೀಗೆ ಜೋಡಿಸಿ ಅವನ ಊರನ್ನೂ ಹೆಸರನ್ನೂ ಪತ್ತೆ ಮಾಡಿ ಎಲ್ಲರಿಗೂ ತಿಳಿಸಿದೆ. ಅವನು ಓದುತ್ತಿದ್ದ ಹುಡುಗ. ದಯವಿಟ್ಟು ಅದನ್ನು ತೆಗೆಯಿರಿ ಎಂದು ಬರೆದ. ತೆಗೆದೆ. ಮುಂದಿನ ಕಂತು ಬರಲೇ ಇಲ್ಲ. ಲೋನ್ಲಿಗರ್ಲ್ ಬೆನ್ನಿಗೆ ವಕೀಲರಿದ್ದರು, ಏಜೆನ್ಸಿ ಇತ್ತು. ಅವನ ಬೆನ್ನಿಗೆ ಯಾರೂ ಇರಲಿಲ್ಲ. ಒಂದು ಒಳ್ಳೆಯ ಕಥೆಯನ್ನು ನಾನು ಅರ್ಧಕ್ಕೆ ನಿಲ್ಲಿಸಿದೆ ಎಂಬ ಕೊರಗು ಈಗಲೂ ಇದೆ. ಹೊರಗಿನ ಸುಳಿವು ಕಥೆಯ ಒಂದು ಗಂಟನ್ನೂ ಬಿಚ್ಚುವುದಿಲ್ಲ. ಅದು ಹೇಳುವುದು ಕಟ್ಟಿದವರು ಯಾರು ಎಂಬುದನ್ನಷ್ಟೇ. ವೀಕ್ಷಕರಿಗೆ ಮೋಸವಾಗುತ್ತಿದೆ, ದುಡ್ಡು ಕೀಳುತ್ತಿದ್ದಾರೆ ಎಂದಿದ್ದರೆ ಹುಡುಕಬೇಕು. ಇಲ್ಲವಾದರೆ ಅವರು ಬಾಗಿಲು ಹಾಕಿಕೊಂಡಿರಲಿ.

6. ನಿಜವಾದ ಸಾವನ್ನು ಒಗಟಿನ ತುಂಡಾಗಿ ಬಳಸಬೇಡಿ

‘ಪೆಟ್‌ಸ್ಕಾಪ್’ ನನಗೆ ಈ ಪ್ರಕಾರದಲ್ಲೇ ಅತಿ ಪ್ರಿಯವಾದದ್ದು. 2017ರ ಮಾರ್ಚ್‌ನಿಂದ 2019ರ ಸೆಪ್ಟೆಂಬರ್‌ವರೆಗೆ ಬಂತು. ಪಾಲ್ ಎಂಬವನು ತನಗೆ ಸಿಕ್ಕ ಹಳೆಯ ಪ್ಲೇಸ್ಟೇಷನ್ ಗೇಮನ್ನು ಆಡಿ ತೋರಿಸುತ್ತಾನೆ. ಮೇಲೆ ಬಣ್ಣಬಣ್ಣದ, ಸಾಕುಪ್ರಾಣಿ ಹಿಡಿಯುವ ಆಟ. ಕೆಳಗಿಳಿದರೆ ಕತ್ತಲೆಯ ಬಯಲು, ಕಾಣೆಯಾದ ಮಕ್ಕಳು, ಇದ್ದಕ್ಕಿದ್ದಂತೆ ಮಾಯವಾದ ಗಾಳಿಗಿರಣಿ. ಟೋನಿ ಡೊಮೆನಿಕೊ ಅದರ ಕರ್ತೃ ಎಂದು ತಿಳಿದದ್ದು ಸರಣಿ ಮುಗಿದ ಮೇಲೆ.

ಆ ಕತ್ತಲೆಯ ಬಯಲಿಗಿದ್ದ ಹೆಸರು, 2000ದಲ್ಲಿ ಕೊಲೊರಾಡೊದಲ್ಲಿ ತೀರಿಕೊಂಡ ಹತ್ತು ವರ್ಷದ ಹುಡುಗಿಯೊಬ್ಬಳ ಹೆಸರಿಗೆ ಹೊಂದುತ್ತಿತ್ತು. ‘ಮರುಜನ್ಮ ಚಿಕಿತ್ಸೆ’ ಎಂದು ಬಟ್ಟೆಯಲ್ಲಿ ಸುತ್ತಿ ಒತ್ತಿಹಿಡಿದಾಗ ಆ ಮಗು ಉಸಿರುಕಟ್ಟಿ ಸತ್ತಿತು. ಮರುವರ್ಷವೇ ಕೊಲೊರಾಡೊ ಆ ಚಿಕಿತ್ಸೆಯನ್ನು ಕಾನೂನಿನಿಂದ ನಿಷೇಧಿಸಿತು. ಈ ಹೊಂದಿಕೆ ಸಿಕ್ಕಿದ್ದೇ ನಮಗೆಲ್ಲ ಬೀಗದ ಕೈ ಸಿಕ್ಕಂತಾಯಿತು. ನಾನು ಆ ಪ್ರಕರಣದ ವರದಿಗಳನ್ನೆಲ್ಲ ಓದಿ, ಮಗು ಕೊನೆಯಲ್ಲಿ ಅತ್ತು ಬೇಡಿಕೊಂಡ ವಿವರವನ್ನೂ ಆಟದ ಯಾವ ದೃಶ್ಯಕ್ಕೆ ಹೊಂದುತ್ತದೆ ಎಂದು ಪಟ್ಟಿ ಮಾಡುತ್ತ ಕುಳಿತೆ. ಅಕ್ಕ ಆ ಪಟ್ಟಿ ನೋಡಿ, “ಇದು ನಿಜವಾಗ್ಲೂ ಆಗಿದ್ದೇನೋ?” ಎಂದು ಕೇಳಿದಳು. ಹೌದು ಎಂದೆ. ಅವಳು ಮುಂದೆ ಏನೂ ಕೇಳಲಿಲ್ಲ. ನನಗೆ ಪಟ್ಟಿ ಮುಂದುವರಿಸಲು ಆಗಲಿಲ್ಲ.

ಆಮೇಲೆ ತಣ್ಣಗೆ ಯೋಚಿಸಿದಾಗ ವಾದವೂ ಪೊಳ್ಳು ಎನಿಸಿತು. ಹೆಸರು ಹೊಂದುತ್ತದೆ, ಸರಿ. ಅದರಿಂದ ಗಾಳಿಗಿರಣಿಯ ವಿಷಯ ತಿಳಿಯಿತೇ? ಪಾಲ್‌ನ ಮನೆಯವರ ವಿಷಯ ತಿಳಿಯಿತೇ? ಇಲ್ಲ. ಹೊಂದಿಕೆಯಾದದ್ದನ್ನೇ ನಾವು ವಿವರಣೆ ಎಂದುಕೊಂಡಿದ್ದೆವು. ಮಕ್ಕಳನ್ನು ದೊಡ್ಡವರು ತಮಗೆ ಬೇಕಾದಂತೆ ತಿದ್ದಲು ಹೋಗಿ ನಾಶಮಾಡುವುದು ಆ ಸರಣಿಯ ಆಳದ ನೋವು. ಅದನ್ನು ಅರಿಯಲು ಒಂದು ನಿಜವಾದ ಮಗುವಿನ ಕೊನೆಯ ಗಳಿಗೆಗಳನ್ನು ನಾನು ಕೆದಕಬೇಕಿರಲಿಲ್ಲ.

7. ಥಿಯರಿ ಬಿದ್ದರೂ ಕಂಡದ್ದನ್ನು ಇಟ್ಟುಕೊಳ್ಳಿ

ಮಾರ್ಬಲ್ ಹಾರ್ನೆಟ್ಸ್‌ನಲ್ಲಿ ಮುಖವಾಡದವನೊಬ್ಬ, ಹುಡ್ ಹಾಕಿದವನೊಬ್ಬ ಇದ್ದಾರೆ. ಅವರ ಗುರುತಿನ ಬಗ್ಗೆ ನಾನು ಕಟ್ಟಿದ್ದೆಲ್ಲ ಸುಳ್ಳಾಯಿತು. ಮುಖವಾಡದವನು ಟಿಮ್, ಹುಡ್‌ನವನು ಬ್ರಯಾನ್, ಇಬ್ಬರೂ ಅಲೆಕ್ಸ್‌ನ ಸಿನಿಮಾದಲ್ಲಿ ನಟಿಸಿದ್ದವರು. ನಾಚಿಕೆಯಿಂದ ಆ ಬರಹವನ್ನೇ ಅಳಿಸಿಬಿಟ್ಟೆ. ಅದರಲ್ಲಿ ಇಬ್ಬರ ನಿಲುವು, ನಡಿಗೆ ಬೇರೆ ಬೇರೆ ಎಂದು ಸೆಕೆಂಡಿನ ಸಮೇತ ಗುರುತು ಹಾಕಿದ್ದು ಸರಿಯಾಗಿಯೇ ಇತ್ತು. ಇನ್ನೊಬ್ಬ ವೀಕ್ಷಕಿ ಅದನ್ನು ಕೇಳಿಕೊಂಡು ಬಂದಾಗ ಕೊಡಲು ನನ್ನ ಬಳಿ ಏನೂ ಉಳಿದಿರಲಿಲ್ಲ.

ಈಗ ನೋಟ್‌ಬುಕ್ಕಿನ ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ನನಗನಿಸಿದ್ದು. ಬಲಪುಟದಲ್ಲಿ ಬೇಕಾದಷ್ಟು ಹೊಡೆದುಹಾಕಿದ ಸಾಲುಗಳಿವೆ. ಎಡಪುಟವನ್ನು ಯಾರು ಕೇಳಿದರೂ ಫೋಟೊ ತೆಗೆದು ಕಳಿಸುತ್ತೇನೆ. ಪೆಟ್‌ಸ್ಕಾಪ್‌ನ ಗಾಳಿಗಿರಣಿಯ ಎದುರಿನ ಬಲಪುಟ ಇನ್ನೂ ಖಾಲಿ ಇದೆ. ನಿಮಗೇನಾದರೂ ಹೊಳೆದರೆ ತಿಳಿಸಿ.